ಏಳು ಮನೆ, ಒಂದು ನಲ್ಲಿ

"ಚೆಲ್ಬಿಡಿ ಮೇಡಂ. ಪಕ್ಕದ ಮನೆಯವಳ ಕೊಡ ಅದು. ಅದು ಚೆಲ್ಲಿದ್ರೆ ನಿಮ್ಮ ಮನೆ ಉಳಿಯುತ್ತೆ."

ದಿವ್ಯಾ ಇಷ್ಟು ಹೇಳಿ ಪುಸ್ತಕದ ಪುಟ ತಿರುವಿದಳು. ಸಬ್ ಇನ್ಸ್‌ಪೆಕ್ಟರ್ ಆಶಾರಾಣಿ ಅಂಗೈಯೊಳಗಿನ ದಾಳವನ್ನು ಕುಲುಕಿ ಮೇಜಿನ ಮೇಲೆ ಬಿಟ್ಟಳು. ಐದು ಬಿತ್ತು.

"ಚೆಲ್ದೆ," ಎಂದಳು.

ಆ ಮಾತು ಬಾಯಿಂದ ಉದುರಿದ ಗಳಿಗೆಯಲ್ಲಿ ಅವಳ ಎದೆಯೊಳಗೆ ಸಣ್ಣದೊಂದು ಖುಷಿ ಮಿಸುಕಿತು. ಗೆದ್ದೆನೆಂಬ ಖುಷಿ. ಮೇಜಿನ ಮೇಲೆ ಕೊಡವೂ ಇರಲಿಲ್ಲ, ನೀರೂ ಇರಲಿಲ್ಲ. ಇದ್ದದ್ದು ಒಂದಿಷ್ಟು ಚೀಟಿ, ಎರಡು ದಾಳ, ಒಂದು ತೆಳ್ಳಗಿನ ಪುಸ್ತಕ. ಆದರೂ ಯಾರದೋ ಅಡುಗೆಮನೆಗೆ ನುಗ್ಗಿ ಕುಡಿಯುವ ನೀರನ್ನು ಕಾಲಿನಿಂದ ಒದ್ದು ಬಂದವಳ ಹಾಗೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನಿಲ್ಸಿ ದಿವ್ಯಾ. ಸಾಕು."

"ನನಗೂ ಹಿಂಗೇ ಆಯ್ತು ಮೇಡಂ. ಫ್ರೆಂಡ್ಸ್ ಜೊತೆ ಕೂತು ಆಡಿದ್ವಿ. ಆಟ ಮುಗಿದ್ಮೇಲೆ ಯಾರೂ ಯಾರ ಮುಖಾನೂ ನೋಡ್ಲಿಲ್ಲ. ಒಬ್ಬಳು ಊಟ ಮಾಡದೆ ಎದ್ದು ಹೋದ್ಲು."

ಎಲೆಕ್ಟ್ರಾನಿಕ್ ಸಿಟಿಯ ಬೇಕರಿಯೊಂದರ ಮಹಡಿಯ ಮೇಲೆ ದಿವ್ಯಾಳ ಪುಟ್ಟ ಆಟದಂಗಡಿ. ವಾರದ ಕೊನೆಗೆ ಕಂಪನಿ ಹುಡುಗ ಹುಡುಗಿಯರು ಇಲ್ಲಿಗೆ ಬಂದು ಪಾತ್ರದ ಆಟ ಆಡುತ್ತಾರೆ. ಪಗಡೆಯ ಹಾಗೆ ಹಾಸು ಇಲ್ಲ, ಕಾಯಿ ಇಲ್ಲ. ಮೇಜಿನ ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಹೂಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಇಂಥ ಆಟಗಳನ್ನು ತಾವೇ ಹೆಣೆದು, ತಾವೇ ಅಚ್ಚು ಹಾಕಿಸಿ ಮಾರುವವರು ಈಗ ಬೆಂಗಳೂರಿನಲ್ಲಿ ಬೇಕಾದಷ್ಟು ಜನ. ಅವರೆಲ್ಲ ಒಂದು ಪ್ರತಿಯನ್ನು ದಿವ್ಯಾಳಿಗೆ ಕಳಿಸುತ್ತಾರೆ. ಅವಳು ಆಡಿ ನೋಡಿ, ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ತನ್ನ ವೆಬ್‌ಸೈಟಿನಲ್ಲಿ ಬರೆಯುತ್ತಾಳೆ. ಅವಳ ಒಂದು ಮಾತಿಗೆ ಆಟ ಎದ್ದದ್ದೂ ಉಂಟು, ಮಲಗಿದ್ದೂ ಉಂಟು.

ಹೆಬ್ಬಗೋಡಿಯ ಹಿಂದೆ, ದಿನಗಟ್ಟಲೆ ನೀರು ನಿಂತಿದ್ದ ವಠಾರವೊಂದರಲ್ಲಿ ನೀರಿನ ಟ್ಯಾಂಕಿನಿಂದ ಬಿದ್ದು ಸತ್ತ ಸೆಂಟ್ರಿಂಗ್ ಕೆಲಸದ ಭರಮಪ್ಪನದು ಬರೀ ಕಾಲು ಜಾರಿದ ಸಾವು ಎಂದು ಠಾಣೆಯಲ್ಲಿ ಎಲ್ಲರೂ ಕೈತೊಳೆದುಕೊಳ್ಳುವುದರಲ್ಲಿದ್ದಾಗ, ಈ ಪುಸ್ತಕ ಹಿಡಿದು ಬಂದವಳು ಇವಳೇ.

ಪುಸ್ತಕದ ಹೆಸರು 'ಏಳು ಮನೆ, ಒಂದು ನಲ್ಲಿ'. ಬರೆದವನು ಅಂಜನ್ ಎಂಬುವನು. ರಕ್ಷಾಪುಟದ ಮೇಲೆ ಸಾಲಾಗಿ ಏಳು ಬಾಗಿಲು, ಸಾಲಿನ ತುದಿಗೆ ಕಾಂಕ್ರೀಟ್ ಕಂಬಗಳ ಮೇಲೆ ಕೂತ ಕರಿ ಟ್ಯಾಂಕು. ಭರಮಪ್ಪನ ಸಾವಿನ ಸುದ್ದಿಯ ಜೊತೆ ಪತ್ರಿಕೆಯಲ್ಲಿ ಬಂದ ಫೋಟೊದಲ್ಲೂ ಅದೇ ಏಳು ಬಾಗಿಲು, ಅದೇ ಟ್ಯಾಂಕು.

"ಈಗ ನನ್ನ ಕಸುಬಿನ ಮಾತು ಹೇಳ್ತೀನಿ, ಕೇಳಿ," ದಿವ್ಯಾ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ಆಟ ಅಂತ ನೋಡಿದ್ರೆ ಇದು ಬಹಳ ಚೆನ್ನಾಗಿದೆ. ನನಗೆ ಹೆದರಿಕೆ ಆಗಿದ್ದು ಅದಕ್ಕೇ."

"ಚೆನ್ನಾಗಿರೋದಕ್ಕೆ ಯಾಕ್ರೀ ಹೆದರ್ಬೇಕು?"

"ಒಬ್ನೇ ಕೂತು ತಲೆಯಿಂದ ಬರೆದ ಆಟದಲ್ಲಿ ತೂತು ಇದ್ದೇ ಇರ್ತವೆ ಮೇಡಂ. ಒಂದು ಕಡೆ ತೀರಾ ಸಲೀಸು, ಇನ್ನೊಂದು ಕಡೆ ತೀರಾ ಕಷ್ಟ. ಇದ್ರಲ್ಲಿ ಹುಡುಕಿದ್ರೂ ಸಿಗ್ಲಿಲ್ಲ. ಪ್ರತಿ ಮನೆಗೂ ಎರಡೇ ಅಂಕ ನೋಡಿ. ಒಂದು ದಾಹ, ಇನ್ನೊಂದು ನಂಟು. ನೀರು ನಿಂತ ಹಾಗೆಲ್ಲ ದಾಹ ಏರುತ್ತೆ, ನಂಟು ಇಳಿಯುತ್ತೆ. ನಂಟು ಖಾಲಿಯಾದ ಮನೆಯವ್ರು ಪಕ್ಕದವ್ರಿಗೆ ಏನು ಬೇಕಾದ್ರೂ ಮಾಡಬಹುದು. ನೀರು ನಿಲ್ಸೋನ ಹೆಸರು ಯಜಮಾನ. ಟ್ಯಾಂಕಿನ ವಾಲ್ವ್ ಅವನ ಕೈಲಿ. ಇಷ್ಟೇ ಆಟ."

"ಇದನ್ನ ಯಾರು ಬೇಕಾದ್ರೂ ಯೋಚನೆ ಮಾಡಬಹುದು."

"ಇಷ್ಟನ್ನ ಮಾಡಬಹುದು. ಇದನ್ನ ಆಗಲ್ಲ."

ದಿವ್ಯಾ ಒಂದು ಪುಟದ ಮೇಲೆ ಬೆರಳಿಟ್ಟಳು. ಆಶಾರಾಣಿ ಓದಿದಳು.

'ಎದೆಹಾಲು ಕುಡಿಸುವ ತಾಯಿ ಇರುವ ಮನೆಗೆ ಉಳಿದವರು ಮೊದಮೊದಲು ತಮ್ಮ ಪಾಲಿನ ನೀರನ್ನೂ ಕೊಡುತ್ತಾರೆ. ಆಮೇಲೆ, ಎಲ್ಲರಿಗಿಂತ ಮೊದಲು, ಆ ಮನೆಯ ಮೇಲೆಯೇ ತಿರುಗಿ ಬೀಳುತ್ತಾರೆ. ಹೆಚ್ಚು ಕೊಟ್ಟವರೇ ಹೆಚ್ಚು ಬೈಯುತ್ತಾರೆ.'

"ಕಲ್ಪಿಸಿ ಬರೆದಿದ್ರೆ ಆ ತಾಯಿ ಮೇಲೆ ಕೊನೇವರೆಗೂ ಕರುಣೆ ಇಟ್ಟಿರ್ತಿದ್ದ. ಇಲ್ಲಾ ಮೊದಲಿಂದ್ಲೇ ಕ್ರೌರ್ಯ ತುಂಬ್ತಿದ್ದ. ಹೆಚ್ಚು ಕೊಟ್ಟವ್ರೇ ಹೆಚ್ಚು ಬೈತಾರೆ ಅನ್ನೋದು ಕೂತು ಕಟ್ಟಿದ ಮಾತಲ್ಲ ಮೇಡಂ. ಕಣ್ಣಲ್ಲಿ ನೋಡಿದ್ದು."

ಆಶಾರಾಣಿ ಆ ಸಾಲಿನ ಮೇಲೆ ಬೆರಳಾಡಿಸಿದಳು. ಭರಮಪ್ಪನ ಹೆಂಡತಿ ದಾನೇಶ್ವರಿ ಹಸುಗೂಸಿನ ತಾಯಿ. ನೀರು ನಿಂತ ಶುರುವಿನಲ್ಲಿ ವಠಾರದ ಹೆಂಗಸರು ಅವಳಿಗೆ ಬಿಂದಿಗೆಗಟ್ಟಲೆ ತಂದುಕೊಟ್ಟಿದ್ದರು. ಆಮೇಲೆ ನೀರು ತಂದ ಟ್ಯಾಂಕರಿನ ಮುಂದೆ ಜಡೆ ಹಿಡಿದು ಎಳೆದದ್ದೂ ಅವಳನ್ನೇ. ಎಳೆದವಳೇ ಈ ಮಾತನ್ನು ಆಶಾರಾಣಿಯ ಮುಂದೆ ಅತ್ತುಕೊಂಡು ಹೇಳಿದ್ದಳು.

"ಇನ್ನೊಂದು ಇದೆ," ಎಂದಳು ದಿವ್ಯಾ. "ಇವನು ನನಗೆ ಪುಸ್ತಕ ಎರಡು ಸಲ ಕಳಿಸಿದ್ದಾನೆ. ಒಂದು ಆ ಸಾವಿಗೆ ಮುಂಚೆ, ಒಂದು ಆದ್ಮೇಲೆ. ಮೊದಲ್ನೇದ್ರಲ್ಲಿ ಯಾರಾದ್ರೂ ಟ್ಯಾಂಕ್ ಹತ್ತಿದ್ರೆ ನೀರು ಸಿಗುತ್ತೆ, ಆಟ ಮುಗಿಯುತ್ತೆ. ಎರಡನೇದ್ರಲ್ಲಿ ಹತ್ತಿದವನು ದಾಳ ಹಾಕ್ಬೇಕು. ಒಂದು ಬಿದ್ರೆ ಬಿದ್ದು ಸಾಯ್ತಾನೆ. ಕೆಳಗಡೆ ಟಿಪ್ಪಣಿ ನೋಡಿ."

'ಪ್ರಯೋಗದಲ್ಲಿ ಕಂಡಂತೆ ತಿದ್ದಲಾಗಿದೆ.'

ಆಶಾರಾಣಿ ಆ ಸಾಲನ್ನು ಎರಡು ಸಲ ಓದಿದಳು. ಕೆಳಗಿನ ಬೇಕರಿಯಿಂದ ಆಗಷ್ಟೇ ಬೆಂದ ಬನ್ನಿನ ವಾಸನೆ ಬರುತ್ತಿತ್ತು. ಅದನ್ನು ತಡೆಯಲಾಗದೆ ಅವಳು ಎದ್ದು ಕಿಟಕಿ ಮುಚ್ಚಿದಳು.

"ಯಜಮಾನನ್ನೂ ತಿದ್ದಿದ್ದಾನೆ," ದಿವ್ಯಾ ಮುಂದುವರಿಸಿದಳು. "ಮೊದಲು ಅವನು ಹೊರಗಿನವನು. ಈಗ ಏಳು ಮನೆಯವರಲ್ಲೇ ಒಬ್ಬ. ಅವನು ಯಾರು ಅಂತ ಉಳಿದವ್ರಿಗೆ ಗೊತ್ತಾಗ್ಬಾರ್ದು. ಅದಕ್ಕೇ ಅವನ ಮನೆಗೂ ನೀರು ಬರಲ್ಲ. ಆಟ ಕಳೆ ಕಟ್ಟಿದ್ದೇ ಇದ್ರಿಂದ."

ಈ ಮಾತು ಆಶಾರಾಣಿಯ ಕಿವಿಗೆ ಬಿತ್ತು. ತಲೆಯವರೆಗೆ ಹೋಗಲಿಲ್ಲ. ಅವಳ ಮನಸ್ಸೆಲ್ಲ ಆ ಟಿಪ್ಪಣಿಯ ಮೇಲಿತ್ತು.

"ಈ ಅಂಜನ್‌ನ ನೋಡ್ಬೇಕಲ್ಲ."

"ಅದೇನು ಕಷ್ಟ? ವಿಮರ್ಶೆ ಬರೀತಿದ್ದೀನಿ, ಕೆಲವು ಪ್ರಶ್ನೆ ಇವೆ ಅಂದ್ರೆ ಸಾಕು. ಮಧ್ಯಾಹ್ನಾನೇ ಬನ್ನಿ ಅಂತಾನೆ."

ಹಾಗೇ ಅಂದ.

*

ವಠಾರದ ಒಡೆಯ ಚಿಕ್ಕಬೈರಪ್ಪ ಗೇಟಿನ ಪಕ್ಕದ ಕಲ್ಲು ಬೆಂಚಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಹಿಂದೆ ಇಲ್ಲೆಲ್ಲ ಅವನ ರಾಗಿ ಹೊಲ. ಈಗ ಹೊಲದ ಒಂದು ಮಗ್ಗುಲಿಗೆ ತಗಡಿನ ಏಳು ಮನೆಯ ಸಾಲು, ಇನ್ನೊಂದು ಮಗ್ಗುಲಿಗೆ ಟೈಲ್ಸ್ ಹಾಕಿದ ನಾಲ್ಕಂತಸ್ತಿನ ಕಟ್ಟಡ. ಅಂಜನ್ ಆ ಕಟ್ಟಡದ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ.

ತಗಡಿನ ಸಾಲನ್ನು ಕೆಡವಿ ಪಿಜಿ ಕಟ್ಟಿಸಬೇಕೆಂದು ಚಿಕ್ಕಬೈರಪ್ಪ ಬಹಳ ದಿನದಿಂದ ಒದ್ದಾಡುತ್ತಿದ್ದ. ಜನ ತಾವಾಗಿ ಬಿಟ್ಟು ಹೋಗಲಿ ಎಂದು ನೀರು ನಿಲ್ಲಿಸಿದವನು ಇವನೇ ಎಂದು ಇಡೀ ವಠಾರ ನಂಬಿತ್ತು. ಆಶಾರಾಣಿಯೂ ಅರ್ಧ ನಂಬಿದ್ದಳು.

"ಏನಮ್ಮಾ, ಇವತ್ತು ಪೊಲೀಸ್ ಡ್ರೆಸ್ ಇಲ್ದೆ ಬಂದ್ಬುಟ್ಟಿದ್ದೀಯ?" ಎಂದ.

"ಸುಮ್ನೆ ಬಂದೆ ಗೌಡ್ರೆ. ಆವತ್ತು ಮೋಟಾರು ಸುಟ್ಟಿತ್ತು ಅಂತ ಎಲ್ರೂ ಹೇಳ್ತಾರೆ. ನೀವು ರಿಪೇರಿಗೆ ಕೊಟ್ರಾ?"

ಮುದುಕ ಎಲೆ ಮಡಿಸುವುದನ್ನು ನಿಲ್ಲಿಸಿದ.

"ನೋಡಮ್ಮ, ನೀನು ನನ್ನ ಮ್ಯಾಲೇ ಕಣ್ಣಿಟ್ಟಿದ್ದೀಯ ಅಂತ ನಂಗೂ ಗೊತ್ತು. ಒಂದ್ ಮಾತು ಏಳ್ತೀನಿ ಕೇಳು. ಮೋಟ್ರು ಸುಟ್ಟೇ ಇರ್ನಿಲ್ಲ. ದಿನಾ ಬೆಳಿಗ್ಗೆ ನಾನೇ ಸ್ವಿಚ್ ಆಕ್ತಿದ್ದೆ. ನೀರು ಮ್ಯಾಲಕ್ಕೆ ಅತ್ತೋದು ಕಿವಿಯಾರೆ ಕೇಳ್ತಿದ್ದೆ. ಇವ್ರಿಗೆ ನೀರು ಬರ್ತಿಲ್ಲ ಅಂತ ಒಬ್ನಾದ್ರೂ ನಂಗೆ ಏಳ್ಬೇಕಲ್ವಾ?"

"ನಿಮಗೆ ಹೇಳಿದ್ವಿ, ನೀವು ಬೈದು ಕಳಿಸಿದ್ರಿ ಅಂತಾರೆ ಅವ್ರು."

"ಯಾವನು ಅಂದೋನು? ಬರೇಳು ನನ್ ಮುಂದೆ!"

ಅವನ ಬೆರಳಿಂದ ಸುಣ್ಣದ ತುಣುಕು ಸಿಡಿಯಿತು. ಆ ಸಿಟ್ಟಿನಲ್ಲಿ ಸುಳ್ಳಿರಲಿಲ್ಲ. ನೀರು ಟ್ಯಾಂಕಿಗೆ ಹತ್ತಿತ್ತು, ಕೆಳಗೆ ಇಳಿದಿರಲಿಲ್ಲ. ಅಂದರೆ ಮೇಲೆ ಯಾರೋ ವಾಲ್ವ್ ಮುಚ್ಚಿದ್ದರು. ಮುಚ್ಚಿದವನೇ ಜನರಿಗೆ ಮೋಟಾರಿನ ಕತೆ ಹೇಳಿದ್ದ. ಒಡೆಯ ಬೈದು ಕಳಿಸಿದನೆಂಬ ಕತೆಯನ್ನೂ ಅವನೇ ಹುಟ್ಟಿಸಿದ್ದ.

ಐದನೇ ಬಾಗಿಲಿನಿಂದ ದಾನೇಶ್ವರಿ ಹೊರಗೆ ಬಂದಳು. ಕಂಕುಳಲ್ಲಿ ಕೂಸು. ಇಪ್ಪತ್ತರ ಆಸುಪಾಸಿನ ಹುಡುಗಿ, ಲಿಂಗಸುಗೂರಿನ ಕಡೆಯವಳು. ಗಂಡ ಸತ್ತ ಮೇಲೆ ಠಾಣೆಯ ಮೆಟ್ಟಿಲನ್ನು ಬಿಡದೆ ಹತ್ತಿದವಳು ಇವಳೊಬ್ಬಳೇ.

"ಮೇಡಮ್ಮಾರ, ಏನಾರ ಗೊತ್ತಾತೇನ್ರಿ?"

"ಇವತ್ತು ಗೊತ್ತಾಗಬಹುದು ಕಣಮ್ಮ."

"ಊರ ಮಂದಿಗೆ ನೀರ ಬಿಡಾಕಂತ ಮ್ಯಾಲ ಹತ್ತಿದ್ದಾರಿ ಅವ," ಎಂದಳು ದಾನೇಶ್ವರಿ. ಪ್ರತಿ ಸಲವೂ ಇದೇ ಮಾತು, ಇದೇ ದನಿ. "ವಾಲ್ವ್ ಯಾರ ಬಂದ್ ಮಾಡಿದ್ರು ಅಂತ ಹುಡುಕ್ರಿ. ನನಗ ಅಷ್ಟ ಸಾಕು."

ಆಶಾರಾಣಿ ಅವಳ ಭುಜ ಮುಟ್ಟಿ ಕಟ್ಟಡದ ಕಡೆ ನಡೆದಳು. ಲಿಫ್ಟಿನ ಬಳಿ ದಿವ್ಯಾ ಕಾಯುತ್ತಿದ್ದಳು.

*

ಅಂಜನ್ ನೋಡಲು ಲಕ್ಷಣವಾಗಿದ್ದ. ಮೂವತ್ತರ ಒಳಗಿನ ವಯಸ್ಸು, ಒಪ್ಪವಾಗಿ ಕತ್ತರಿಸಿದ ಗಡ್ಡ, ಬರಿಗಾಲು. ಯಾವುದೋ ಕಂಪನಿಯಲ್ಲಿ, ಜನ ಮೊಬೈಲಿನಲ್ಲಿ ಯಾವಾಗ ಏನು ಒತ್ತುತ್ತಾರೆ ಎಂದು ಲೆಕ್ಕ ಹಾಕುವ ಕೆಲಸ. ದಿವ್ಯಾಳನ್ನು ಕಂಡು ಅವನ ಮುಖ ಹಬ್ಬದ ಮನೆಯಾಯಿತು.

"ನೀವೇ ಬಂದಿದ್ದು ನನ್ನ ಪುಣ್ಯ. ಇವರು?"

"ಆಶಕ್ಕ. ನನ್ನ ಜೊತೆ ಆಡಿದ್ರು. ಇವರಿಗೂ ಒಂದಿಷ್ಟು ಡೌಟ್ ಇದೆ."

"ಬನ್ನಿ ಅಕ್ಕ, ಕೂತ್ಕೊಳ್ಳಿ. ಮೊದ್ಲು ನೀರು ತಗೊಳ್ಳಿ."

ಎತ್ತರದ ಗಾಜಿನ ಲೋಟದಲ್ಲಿ, ಹೊರಮೈಯೆಲ್ಲ ಬೆವರಿದ ತಣ್ಣನೆಯ ನೀರು. ಆಶಾರಾಣಿ ಅದನ್ನು ಮುಟ್ಟಲಿಲ್ಲ. ನಡುಮನೆಯಲ್ಲಿ ದುಂಡನೆಯ ಮೇಜು, ಸುತ್ತ ಐದು ಕುರ್ಚಿ, ಅದರಾಚೆ ಗೋಡೆಯಗಲದ ಕಿಟಕಿ. ಕಿಟಕಿಯಲ್ಲಿ ಕಂಡದ್ದು ವಠಾರ. ಏಳು ಬಾಗಿಲೂ ಒಟ್ಟಿಗೆ ಕಾಣುತ್ತಿದ್ದವು. ಟ್ಯಾಂಕು ಕೈ ಚಾಚಿದರೆ ಸಿಗುವಷ್ಟು ಎದುರಿಗಿತ್ತು.

ಸಿನಿಮಾಕ್ಕೆ ಕೂರುವ ಹಾಗೆ ಇಲ್ಲಿ ಕುರ್ಚಿ ಹಾಕಿದ್ದಾರೆ ಎಂದು ಆಶಾರಾಣಿಗೆ ಅನ್ನಿಸಿತು.

ದಿವ್ಯಾ ಪುಸ್ತಕ ತೆರೆದಳು. "ನಂಟಿನ ಅಂಕ ಇಳಿಯೋ ಕ್ರಮ ಚೆನ್ನಾಗಿದೆ ಅಂಜನ್. ಮೊದಲು ಜನ ಕದಿಯಲ್ಲ, ಸುಳ್ಳು ಹೇಳ್ತಾರೆ ಅಂತ ಬರ್ದಿದ್ದೀರಿ. ಮನೇಲಿ ನೀರಿದ್ರೂ ಇಲ್ಲ ಅಂತಾರೆ."

"ಹೌದು! ಆಮೇಲೆ ಕೊಡಕ್ಕೆ ಬಟ್ಟೆ ಮುಚ್ಚಿ ಇಡೋಕೆ ಶುರು ಮಾಡ್ತಾರೆ. ಆಮೇಲೆ ಮಕ್ಕಳನ್ನ ಪಕ್ಕದ ಮನೆಗೆ ಕಳಿಸ್ತಾರೆ, ಕುಡ್ಕೊಂಡು ಬಾ ಅಂತ. ಅದು ಟರ್ನಿಂಗ್ ಪಾಯಿಂಟ್. ಮಕ್ಕಳನ್ನ ಕಳಿಸಿದ್ರು ಅಂದ್ರೆ ಆಟ ಬಿಗಿ ಆಯ್ತು ಅಂತ ಅರ್ಥ."

"ಇದನ್ನ ಹೆಂಗೆ ಬ್ಯಾಲೆನ್ಸ್ ಮಾಡಿದ್ರಿ?"

"ಪ್ಲೇಟೆಸ್ಟ್, ಅಂದ್ರೆ ಆಡಿಸಿ ನೋಡಿದ್ವಿ," ಅಂಜನ್ ನಕ್ಕ. "ಸಿಕ್ಕಾಪಟ್ಟೆ."

"ಯಾರ ಜೊತೆ?" ಆಶಾರಾಣಿ ಮೊದಲ ಸಲ ಬಾಯಿ ತೆರೆದಳು.

"ಫ್ರೆಂಡ್ಸ್ ಜೊತೆ ಅಕ್ಕ."

"ನಿಮ್ಮ ಫ್ರೆಂಡ್ಸು ಯಾರಾದ್ರೂ ಮಕ್ಕಳನ್ನ ಪಕ್ಕದ ಮನೆಗೆ ನೀರು ಕುಡ್ಕೊಂಡು ಬಾ ಅಂತ ಕಳಿಸಿದ್ರಾ?"

ಅಂಜನ್ ಅವಳನ್ನು ನೋಡಿದ. ಆಮೇಲೆ ದಿವ್ಯಾಳನ್ನು. ಅವನ ನಗು ಇದ್ದಲ್ಲೇ ಇತ್ತು, ಕಣ್ಣು ಮಾತ್ರ ಹಿಂದಕ್ಕೆ ಸರಿಯಿತು.

"ಗಮನಿಸೋದು ತಪ್ಪಾ ಅಕ್ಕ? ಕಿಟಕಿ ನನ್ನ ಮನೇದು. ಕಣ್ಣು ನಂದು. ಎದುರಿಗೆ ಒಂದು ಒಳ್ಳೇ ಸ್ಯಾಂಪಲ್ ಇತ್ತು, ನೋಡಿದೆ. ಕಥೆ ಬರೆಯೋರು ನೋಡಲ್ವಾ?"

"ಸ್ಯಾಂಪಲ್?"

"ಅಂದ್ರೆ... ಜನ."

ಆಶಾರಾಣಿ ಗುರುತಿನ ಚೀಟಿ ತೆಗೆದು ಲೋಟದ ಪಕ್ಕಕ್ಕಿಟ್ಟಳು. ಅವನು ಅದನ್ನು ಓದುವವರೆಗೆ ಕಾದಳು.

"ಬರೀ ನೋಡಿದವನು 'ಪ್ರಯೋಗ' ಅಂತ ಬರೆಯಲ್ಲ ಅಂಜನ್. ವಾಲ್ವ್ ಯಾರು ಮುಚ್ಚಿದ್ದು?"

"ಮೇಡಂ, ನಾನು ಆ ಟ್ಯಾಂಕ್ ಮುಟ್ಟೇ ಇಲ್ಲ."

"ನೀವು ಮುಟ್ಟಿದ್ರಾ ಅಂತ ಕೇಳ್ಲಿಲ್ಲ."

ಅವನು ಎದ್ದು ಕಿಟಕಿಯ ಪರದೆ ಎಳೆಯಲು ಹೋದ. "ಇರ್ಲಿ ಬಿಡಿ, ಕಾಣ್ಲಿ," ಎಂದಳು ಆಶಾರಾಣಿ. ಅವನು ಹಿಂದಿರುಗಿ ಬಂದು ಕೂತ. ಎರಡು ಕೈಯನ್ನೂ ಮೇಜಿನ ಮೇಲಿಟ್ಟ. ಉಗುರುಗಳು ಶುಚಿಯಾಗಿದ್ದವು.

ಆಗ ದಿವ್ಯಾ ಮೆತ್ತಗೆ ಕೇಳಿದಳು. "ಯಜಮಾನನ್ನ ಯಾಕೆ ತಿದ್ದಿದ್ರಿ ಅಂಜನ್? ಹೊರಗಿದ್ದವನು ಏಳು ಮನೆಯೊಳಗೆ ಹೆಂಗೆ ಬಂದ?"

ಆ ಪ್ರಶ್ನೆಗೆ ಅಂಜನ್‌ನ ಬೆನ್ನು ನೆಟ್ಟಗಾಯಿತು. ಆಟ ಬರೆದವನ ಹೆಮ್ಮೆ ಹೆದರಿಕೆಗಿಂತ ಒಂದು ಕೈ ಮೇಲಾಗಿದ್ದನ್ನು ಆಶಾರಾಣಿ ಕಣ್ಣಾರೆ ಕಂಡಳು.

"ಅದು ನನ್ನ ಐಡಿಯಾ ಅಲ್ಲ. ಅವ್ರದ್ದೇ. ಮೊದಲು ನಾವು ಅವ್ರನ್ನ ಕರೆದಿದ್ದು ಬರೀ ಕೇಳೋಕೆ. ವಠಾರದ ಬದುಕು ಹೆಂಗಿರುತ್ತೆ, ಯಾರಿಗೆ ಯಾರನ್ನ ಕಂಡ್ರೆ ಆಗಲ್ಲ, ಅಂತೆಲ್ಲ. ಬಂದ್ರು, ಕೂತ್ರು. ಚೆನ್ನಾಗಿ ಆಡಿದ್ರು. ನಮಗಿಂತ ಚೆನ್ನಾಗಿ."

"ಯಾರು?"

ಅಂಜನ್ ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡ.

"ಆಟ ಆಡೋವಾಗ ನಾವು ರೆಕಾರ್ಡ್ ಮಾಡ್ತೀವಿ. ಆಮೇಲೆ ಪ್ರಚಾರಕ್ಕೆ ಹಾಕೋಣ ಅಂತ. ನೀವೇ ಕೇಳಿ ಮೇಡಂ. ಆಮೇಲೆ ನನ್ನನ್ನ ಏನು ಬೇಕಾದ್ರೂ ಅನ್ನಿ."

ಮೊದಲು ದಾಳ ಉರುಳುವ ಸದ್ದು ಬಂತು. ಎರಡು ಮೂರು ಜನರ ನಗು. ಆಮೇಲೆ ಒಂದು ಗಂಡು ದನಿ, ಬಡಗಲ ಸೀಮೆಯದು.

"ಇವತ್ತೂ ನೀರ ಬಿಡಂಗಿಲ್ರಿ. ಮೋಟಾರ ಸುಟ್ಟೈತಿ ಅಂತ ಹೇಳೀನಿ. ಗೌಡ ಬೈದ ಕಳಿಸ್ಯಾನ ಅಂತನೂ ಹೇಳೀನಿ. ಎಲ್ಲಾರೂ ನಂಬ್ಯಾರ."

ಮತ್ತೆ ನಗು. ಈ ಸಲ ಚಪ್ಪಾಳೆಯೂ ಇತ್ತು.

"ಸೂಪರ್ ಭರಮಪ್ಪನೋರೆ!" ಇದು ಅಂಜನ್‌ನ ದನಿ.

ಆಶಾರಾಣಿ ಕಿಟಕಿಯಾಚೆ ಐದನೇ ಬಾಗಿಲನ್ನು ನೋಡಿದಳು. ಊರಿಗೆಲ್ಲ ನೀರು ಬಿಡಲು ಹೋಗಿ ಸತ್ತನೆಂದು ವಠಾರವೆಲ್ಲ ಕೈ ಮುಗಿದಿದ್ದ ಮನುಷ್ಯ. ಅವನ ಫೋಟೊದ ಮುಂದೆ ತಾನೂ ಒಂದು ಗಳಿಗೆ ತಲೆ ತಗ್ಗಿಸಿ ನಿಂತಿದ್ದಳು. ಅವನೇ ತನ್ನ ಪಕ್ಕದ ಬಾಗಿಲಿನವರ ಗಂಟಲು ಒಣಗಿಸಿ, ಇಲ್ಲಿ ಬಂದು ಇದೇ ಕುರ್ಚಿಗಳಲ್ಲೊಂದರಲ್ಲಿ ಕೂತು ವರದಿ ಒಪ್ಪಿಸುತ್ತಿದ್ದ.

"ನಿಮ್ಮ ಮನೇದು ನಂಟು ಎಷ್ಟಿದೆ ಈಗ?" ರೆಕಾರ್ಡಿನೊಳಗಿನ ಅಂಜನ್ ಕೇಳಿದ.

"ನಮ್ಮನೀದ ಕೇಳಬ್ಯಾಡ್ರಿ ಸರ. ಕೂಸು ಒಂದ ಸಮನ ಅಳತೈತಿ. ನಮ್ಮನ್ಯಾಗೊಂದ ನೀರ ಇದ್ರ ಮಂದಿಗೆ ಸಂಶೆ ಬರ್ತೈತಿ ಅಂತ ನಾನೂ ಇಟ್ಟಿಲ್ಲ." ದನಿ ತುಸು ಇಳಿಯಿತು. "ಸಾಕ್ರಿ ಸರ. ನಾಳಿ ಬಿಟ್ಟಬಿಡೂನು."

"ಅರ್ಧಕ್ಕೆ ಬಿಟ್ರೆ ಇಷ್ಟು ದಿನ ಮಾಡಿದ್ದೆಲ್ಲ ನೀರುಪಾಲು ಯಜಮಾನ್ರೆ. ನಿಮ್ಮಂಥ ಆಟಗಾರ ನಮಗೆ ಇಲ್ಲೀವರೆಗೂ ಸಿಕ್ಕಿಲ್ಲ, ಗೊತ್ತಾ?"

ಆಮೇಲೆ ಭರಮಪ್ಪ, ಹೊಗಳಿಕೆಯನ್ನೇ ಕೇಳದ ಮನುಷ್ಯ ಕೇಳುವ ಹಾಗೆ, ಕೇಳಿದ. "ಹೌದೇನ್ರಿ?"

ಆ ಒಂದು ಮಾತಿನಲ್ಲಿದ್ದ ಆಸೆ ಆಶಾರಾಣಿಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯವೆನಿಸಿತು. ಅವನ ಮೇಲಿನ ಅಸಹ್ಯವೋ, ಅವನಲ್ಲಿ ಆ ಆಸೆಯನ್ನು ಹುಡುಕಿ ಕೆದಕಿದವನ ಮೇಲಿನದೋ, ಅವಳಿಗೆ ಬೇರ್ಪಡಿಸಲಾಗಲಿಲ್ಲ. ದಿವ್ಯಾ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು.

"ನೋಡಿದ್ರಾ?" ಅಂಜನ್‌ನ ದನಿಯಲ್ಲಿ ನಿರಾಳವಿತ್ತು. "ಮುಚ್ಚಿದ್ದು ಅವ್ರು. ಸುಳ್ಳು ಹೇಳಿದ್ದು ಅವ್ರು. ಕೊನೆಗೆ ತೆಗೆಯೋಕೆ ಹೋಗಿ ಬಿದ್ದಿದ್ದೂ ಅವ್ರೇ. ನಾನು ಆಟ ಬರೆದೆ ಅಷ್ಟೇ. ಇದಕ್ಕೆ ಯಾವ ಸೆಕ್ಷನ್ ಹಾಕ್ತೀರಿ?"

ಅವನು ರೆಕಾರ್ಡನ್ನು ನಿಲ್ಲಿಸಲು ಕೈ ಚಾಚಿದ. ಚಾಚಿದ ಕೈಯಲ್ಲಿ ಸಲ್ಲದ ಅವಸರವಿತ್ತು. ಆಶಾರಾಣಿ ಅವನ ಮಣಿಕಟ್ಟನ್ನು ಹಿಡಿದು ಮೇಜಿಗೆ ಒತ್ತಿದಳು.

"ಪೂರ್ತಿ ಕೇಳೋಣ."

"ಮುಂದೆ ಏನಿಲ್ಲ ಮೇಡಂ, ಬರೀ ಹರಟೆ..."

ಲ್ಯಾಪ್‌ಟಾಪಿನೊಳಗೆ ಎಲ್ಲೋ ಒಂದು ಸ್ಟೀಲಿನ ಪಾತ್ರೆ ನೆಲಕ್ಕೆ ಬಿತ್ತು. ಅದು ಉರುಳಿ ಉರುಳಿ ನಿಂತಿತು. ಆಮೇಲೆ ಹೆಂಗಸಿನ ದನಿ ಬಂತು. ದೂರದಿಂದ, ಅಡುಗೆಮನೆಯ ಬಾಗಿಲಿನಿಂದ ಬಂದ ಹಾಗಿತ್ತು.

"ಏನಂದಿ? ಇನ್ನೊಮ್ಮೆ ಅನ್ನು."

"ನೀ... ನೀ ಒಳಗ ಹೋಗು," ಭರಮಪ್ಪ ತೊದಲಿದ.

"ನನ್ನ ಎದಿಯಾಗ ಹಾಲ ಬತ್ತೇತಿ. ಕೂಸಿಗೆ ಬೆಲ್ಲದ ನೀರ ನೆಕ್ಕಸಾಕ ನೀರ ಇಲ್ಲ. ಟ್ಯಾಂಕರ್ ಮುಂದ ನನ್ನ ಜಡಿ ಹಿಡದ ಎಳದ್ರು, ನೀ ಬಾಜೂಕ ನಿಂತ ನೋಡಿದಿ. ನೀನ ಬಂದ್ ಮಾಡಿದ್ಯಾ? ಇಲ್ಲಿ ಕುಂತ ಆಟ ಆಡಾಕ?"

ಬರಿಗಾಲಿನ ಓಟ, ಬಾಗಿಲು ದಡಾರನೆ ಬಡಿದ ಸದ್ದು, ಒಂದು ಕುರ್ಚಿ ಬಿದ್ದ ಸದ್ದು. "ದಾನವ್ವಾ, ನಿಲ್ಲು!" ಎಂದು ಭರಮಪ್ಪ ಕೂಗುತ್ತ ಹೋದದ್ದು. ಆಮೇಲೆ ಮೇಜಿನ ಹತ್ತಿರದಿಂದ ಅಂಜನ್‌ನ ಮೆಲುದನಿ, ಅಪರೂಪದ ಹಕ್ಕಿಯನ್ನು ಕಂಡವನ ಹಾಗೆ.

"ವಾವ್. ಇದಕ್ಕೊಂದು ರೂಲ್ ಬರೀಲೇಬೇಕು ಗುರು."

ರೆಕಾರ್ಡ್ ಅಲ್ಲಿಗೆ ಮುಗಿಯಿತು.

ಆಶಾರಾಣಿ ಅವನ ಮಣಿಕಟ್ಟನ್ನು ಬಿಟ್ಟಳು. ಬಿಟ್ಟ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು. ಒರೆಸಿದಷ್ಟೂ ಏನೋ ಅಂಟಿಕೊಂಡೇ ಇದ್ದಂತಿತ್ತು.

"ಇದು ಯಾವತ್ತಿಂದು?"

ಅಂಜನ್ ನೀರಿನ ಲೋಟವನ್ನು ಅತ್ತ ಸರಿಸಿದ.

"ಯಾವತ್ತಿಂದು ಅಂತ ಕೇಳ್ದೆ."

"ಅವ್ರು... ಬಿದ್ದ ದಿನದ್ದು."

"ಆಕೆ ಇಲ್ಲೇನು ಮಾಡ್ತಿದ್ಲು?"

"ನಮ್ಮನೆ ಕೆಲಸಕ್ಕೆ ಬರ್ತಾರೆ ಮೇಡಂ. ಆ ಹೊತ್ತಲ್ಲಿ ಬರಲ್ಲ, ಅವತ್ತು ಬಂದ್ಬಿಟ್ಟಿದ್ರು."

"ಹೆಸರು?"

ಐದನೇ ಮನೆಯ ತಾಯಿಯ ದಾಹಕ್ಕೆ ಎಷ್ಟು ಅಂಕವೆಂದು ಅಚ್ಚು ಹಾಕಿಸಿದವನಿಗೆ ಅವಳ ಹೆಸರು ಬರಲಿಲ್ಲ.

"ನಾವು... ಅಕ್ಕ ಅಂತೀವಿ," ಎಂದ.

ದಿವ್ಯಾ ಎದ್ದು ನಿಂತಳು. ಕೈಯಲ್ಲಿದ್ದ ಪುಸ್ತಕವನ್ನು ಕೊಳೆತದ್ದನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲೆ ಬಿಟ್ಟಳು. ಆಶಾರಾಣಿಯ ತಲೆಯೊಳಗೆ ಮಾತ್ರ ಒಂದೇ ಪ್ರಶ್ನೆ ಸುತ್ತುತ್ತಿತ್ತು. ವಾಲ್ವ್ ಮುಚ್ಚಿದವನು ಯಾರೆಂದು ದಾನೇಶ್ವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅವನನ್ನು ಹುಡುಕಿ ಕೊಡಿ ಎಂದು ಠಾಣೆಗೆ ಅಲೆದಳು. ಯಾಕೆ?

ಕರೆಗಂಟೆಯ ಸದ್ದಾಯಿತು.

ಅಂಜನ್ ಬಾಗಿಲಿನ ಕಡೆ ಕತ್ತು ತಿರುಗಿಸಿದ. "ಅವ್ರೇ," ಎಂದ. "ಪಾತ್ರೆ ತೊಳೆಯೋ ಹೊತ್ತು."

"ಇನ್ನೂ ನಿನ್ನ ಮನೆಗೆ ಕೆಲಸಕ್ಕೆ ಬರ್ತಾಳಾ?"

"ನಾನು ಬೇಡ ಅಂದೆ ಮೇಡಂ. ಕೇಳಲ್ಲ. ದಿನಾ ಬರ್ತಾರೆ. ಒಂದು ಮಾತೂ ಆಡಲ್ಲ. ಕೆಲಸ ಮುಗ್ಸಿ, ಆ ಕಿಟಕಿ ಹತ್ರ ಸ್ವಲ್ಪ ಹೊತ್ತು ನಿಂತು ಹೋಗ್ತಾರೆ."

ಆಶಾರಾಣಿ ಹೋಗಿ ಬಾಗಿಲು ತೆರೆದಳು.

ದಾನೇಶ್ವರಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. ಎದುರಿಗೆ ಆಶಾರಾಣಿಯನ್ನು ಕಂಡು ಬೆಚ್ಚಲಿಲ್ಲ. ಮೇಜನ್ನು ನೋಡಿದಳು, ತೆರೆದ ಲ್ಯಾಪ್‌ಟಾಪನ್ನು ನೋಡಿದಳು. ಬಹಳ ದಿನದಿಂದ ಹೊತ್ತ ಭಾರವನ್ನು ಇಳಿಸುವವಳ ಹಾಗೆ ಒಂದು ಉದ್ದನೆಯ ಉಸಿರು ಬಿಟ್ಟಳು.

"ಕೇಳಿದ್ರೇನ್ರಿ ಮೇಡಮ್ಮಾರ? ನಾ ಹೇಳಿದ್ರ ಯಾರೂ ನಂಬತಿದ್ದಿಲ್ರಿ, ನೀವ ಹುಡುಕ್ಕೊಂತ ಇಲ್ಲಿಗೆ ಬರಬೇಕಿತ್ತು."

"ಕೇಳ್ದೆ ಕಣಮ್ಮ. ಅವತ್ತು ನೀನು ಅವನ ಹಿಂದೆ ಟ್ಯಾಂಕ್ ಹತ್ತಿದ್ಯಾ?"

"ಹತ್ತಿದ್ನಿರಿ. ವಾಲ್ವ್ ಬಿಡಸಾಕ ಇಬ್ರೂ ಹತ್ತಿದ್ವಿ." ಅವಳು ಮಾತಾಡುತ್ತಿದ್ದದ್ದು ಆಶಾರಾಣಿಯ ಜೊತೆ. ಕಣ್ಣು ಮಾತ್ರ ಅವಳ ಭುಜದಾಚೆ, ದುಂಡು ಮೇಜಿನ ಬಳಿಯ ಅಂಜನ್‌ನ ಮೇಲೆ ನೆಟ್ಟಿತ್ತು. "ಆದ್ರ ಮ್ಯಾಲ ನಾವಿಬ್ರ ಅಷ್ಟ ಇದ್ದಿಲ್ರಿ."

ಆಶಾರಾಣಿಯ ಬೆನ್ನ ಹಿಂದೆ ಅಂಜನ್‌ನ ಕುರ್ಚಿ ಸರಿಯಿತು, ಒಳಕೋಣೆಯ ಬಾಗಿಲಿಗೆ ಚಿಲಕ ಬಿದ್ದ ಸದ್ದಾಯಿತು.